ಕಾಯುವವನ ಹಿರಿಮೆ

ನಮ್ಮ ಸೀಮೆಯ ಊರುಗಳಲ್ಲಿ ಅಗಸೆಬಾಗಿಲ ಬಳಿಯೋ ಗುಡಿಯ ಪೌಳಿಯಲ್ಲಿಯೋ ನಿಂತಿರುವ ವೀರಗಲ್ಲುಗಳನ್ನು ಓದುಗರು ಕಂಡೇ ಇರುತ್ತಾರೆ. ಅವುಗಳಲ್ಲಿ ಅನೇಕವು ಊರ ತುರುಗಳನ್ನು ಹಗೆಗಳು ಹೊಡೆದುಕೊಂಡು ಹೋಗುವಾಗ ಅಡ್ಡನಿಂತು ಕಾದಿ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳು. ನಾಡು ಗೆದ್ದವರಿಗೆ ಶಾಸನ ಬರೆಸಿದ ಹಿರಿಯರು, ಊರು ಕಾಯ್ದವರಿಗೂ ಕಲ್ಲು ನಿಲ್ಲಿಸಿದರು. ಇಂದಿನ ಆಟದ ಬಯಲುಗಳಲ್ಲಿ ಆ ವಿವೇಕ ಅಪರೂಪವಾಗಿದೆ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆಗಬೇಕಿದ್ದ ಹತ್ತು ಗೋಲುಗಳನ್ನು ತಡೆದವನ ಹೆಸರು ಬಹುಮಟ್ಟಿಗೆ ಬಯಲಿನಲ್ಲಿಯೇ ಉಳಿಯುತ್ತದೆ.

ಅಮೀನಗಡವೆಂದರೆ ಹೊರಗಿನವರಿಗೆ ಕರದಂಟು ನೆನಪಾಗುತ್ತದೆ, ಕುರಿಯ ಸಂತೆ ನೆನಪಾಗುತ್ತದೆ. ಕಾಲ್ಚೆಂಡಿನ ಆಟಕ್ಕೂ ನಮ್ಮ ಸೀಮೆಗೂ ಏನು ನಂಟೆಂದು ಕೇಳುವವರಿದ್ದಾರೆ. ಕುಸ್ತಿಯ ಕಣವನ್ನೂ, ಹಿಂದಿನವರು ಹುತುತು ಎನ್ನುತ್ತಿದ್ದ ಕಬಡ್ಡಿಯನ್ನೂ ಬಲ್ಲ ಜನ ನಾವು. ಆದರೆ ಹುನಗುಂದ, ಬಾದಾಮಿ ಸೀಮೆಗಳಿಂದ ದುಡಿಮೆಗಾಗಿ ಗೋವೆಗೆ ಹೋದ ಮನೆಗಳು ಒಂದೆರಡಲ್ಲ. ಅಲ್ಲಿ ಬೆಳೆದ ಮಕ್ಕಳು ರಜೆಗೆ ಅಜ್ಜಿಯ ಮನೆಗೆ ಬರುವಾಗ ಬಗಲಲ್ಲಿ ಕಾಲ್ಚೆಂಡು ಹಿಡಿದೇ ಬರುತ್ತಾರೆ. ಆ ಗೋವೆಯ ಮಡಗಾಂವಿಗೆ 2015ರಲ್ಲಿ ಬ್ರೆಜಿಲ್ ದೇಶದ ಒಬ್ಬ ಹೆಸರಾಂತ ಕಾವಲು ಆಟಗಾರರು ಆಡಲು ಬಂದಿದ್ದರು. ಅವರ ಹೆಸರು ಲೂಸಿಯೊ. ಯುರೋಪಿನ ದೊಡ್ಡ ಸಂಘಗಳಲ್ಲಿ ಹನ್ನೆರಡು ವರ್ಷ ಆಡಿ ಬಂದವರು. ಅವರು ನಡೆದ ದಾರಿಯನ್ನು ತಿಳಿಯುವುದು ಆಟ ಬಲ್ಲವರಿಗೆ ಸಂತೋಷವನ್ನು ಕೊಟ್ಟೀತು; ಮಕ್ಕಳನ್ನು ಬೆಳೆಸುವ ತಾಯಿತಂದೆಯರಿಗೆ ಚಿಂತನೆಗೂ ಒದಗೀತೆಂದು ಈ ಬರಹಕ್ಕೆ ಕೈಹಾಕಿದ್ದೇವೆ.

ಏಳು ಗೋಲು ಸೋತ ತಂಡದ ಹುಡುಗ

ಲೂಸಿಯೊ ಅವರ ಪೂರ್ಣ ಹೆಸರು ಲೂಸಿಮಾರ್ ಡ ಸಿಲ್ವಾ ಫೆರೇರಾ. ಹುಟ್ಟಿದ್ದು 1978ರ ಮೇ 8ರಂದು, ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದ ಸೀಮೆಯಲ್ಲಿ. ಅಲ್ಲಿನ ಪ್ಲನಾಲ್ಟಿನಾ ಎಂಬ ಸಣ್ಣ ಸಂಘದಲ್ಲಿ ಅವರ ಆಟ ಆರಂಭವಾಯಿತು. 1997ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದಿದ್ದಾಗ, ಗ್ವಾರಾ ಎಂಬ ತಂಡದ ಪರವಾಗಿ ಬ್ರೆಜಿಲ್ ಕಪ್ ಪಂದ್ಯವೊಂದರಲ್ಲಿ ಇಳಿದರು. ಎದುರಾಳಿಯಾಗಿದ್ದುದು ಪೋರ್ಟೊ ಅಲೆಗ್ರೆ ನಗರದ ಇಂಟರ್‌ನ್ಯಾಸಿಯೊನಲ್ ಎಂಬ ಪ್ರಬಲ ಸಂಘ. ಆ ದಿನ ಗ್ವಾರಾ ತಂಡ ಸೋತಿತು. ಸೋತದ್ದು ಒಂದೆರಡು ಗೋಲುಗಳಿಂದಲ್ಲ, ಏಳು ಗೋಲುಗಳಿಂದ; ತನ್ನ ಕಡೆಯಿಂದ ಒಂದನ್ನೂ ಹೊಡೆಯಲಿಲ್ಲ.

ಏಳು ಗೋಲು ಬಿಟ್ಟುಕೊಟ್ಟ ತಂಡದ ಕಾವಲುಗಾರನನ್ನು ಲೋಕ ಏನೆಂದೀತು? ನಮ್ಮ ಊರಿನ ಕಟ್ಟೆಯ ಮೇಲಾದರೆ ಆ ಹುಡುಗನ ಹೆಸರು ಹಾಸ್ಯದ ಮಾತಾಗಿಬಿಡುತ್ತಿತ್ತು. ಆದರೆ ಗೆದ್ದ ಸಂಘದವರ ದೃಷ್ಟಿ ಬೇರೆಯಾಗಿತ್ತು. ಕುಸಿಯುತ್ತಿದ್ದ ಗೋಡೆಯಲ್ಲಿಯೂ ಒಂದು ಕಲ್ಲು ಗಟ್ಟಿಯಾಗಿ ನಿಂತಿದ್ದುದನ್ನು ಅವರು ಕಂಡರು. ಲೂಸಿಯೊ ಅವರನ್ನು ತಮ್ಮ ಸಂಘಕ್ಕೇ ಕರೆದುಕೊಂಡರು. ಅಲ್ಲಿ ಪಳಗಿದ ಯುವಕ ಮೂರು ವರ್ಷಗಳಲ್ಲಿ ಬ್ರೆಜಿಲ್ ರಾಷ್ಟ್ರತಂಡಕ್ಕೆ ಏರಿದರು. 2001ರ ಆರಂಭದಲ್ಲಿ ಜರ್ಮನಿಯ ಬೇಯರ್ ಲೆವರ್‌ಕುಸೆನ್ ಸಂಘವನ್ನು ಸೇರಿದರು.

ಪರೀಕ್ಷೆಯ ಫಲಿತಾಂಶದ ದಿನ ಅಂಕಪಟ್ಟಿಯೊಂದನ್ನೇ ನೋಡಿ ಮಗನ ಹಣೆಬರಹ ತೀರ್ಮಾನಿಸುವ ಮನೆಗಳು ನಮ್ಮಲ್ಲಿವೆ. ಸೋಲಿನ ಮೊತ್ತವನ್ನು ಯಾರು ಬೇಕಾದರೂ ಓದಬಲ್ಲರು. ಸೋಲಿನೊಳಗೆ ನಿಂತವನನ್ನು ಗುರುತಿಸಲು ಹಿರಿಯರ ಕಣ್ಣು ಬೇಕು.

ಹನ್ನೆರಡು ದಿನಗಳಲ್ಲಿ ಮೂರು ಸೋಲು

ಲೆವರ್‌ಕುಸೆನ್ ಒಂದು ಔಷಧ ಕಾರ್ಖಾನೆಯ ಊರು; ಆ ಕಾರ್ಖಾನೆಯ ನೌಕರರು ಕಟ್ಟಿದ ಸಂಘವದು. 2002ರ ವಸಂತದಲ್ಲಿ ಆ ಸಂಘ ಮೂರು ಪ್ರಶಸ್ತಿಗಳ ಹೊಸ್ತಿಲಲ್ಲಿ ನಿಂತಿತ್ತು. ಜರ್ಮನಿಯ ಲೀಗ್‌ನಲ್ಲಿ ಮೂರು ಪಂದ್ಯಗಳಷ್ಟೇ ಉಳಿದಿದ್ದಾಗ ಐದು ಅಂಕಗಳ ಮುನ್ನಡೆಯಿತ್ತು. ಮೇ 4ರಂದು ಲೀಗ್ ಮುಗಿದಾಗ ಒಂದೇ ಅಂಕದಿಂದ ಪ್ರಶಸ್ತಿ ಡಾರ್ಟ್‌ಮಂಡ್ ಪಾಲಾಯಿತು. ಮೇ 11ರಂದು ಜರ್ಮನ್ ಕಪ್‌ನ ಅಂತಿಮ ಪಂದ್ಯದಲ್ಲಿ ಶಾಲ್ಕೆ ತಂಡಕ್ಕೆ 4-2ರಿಂದ ಸೋಲಾಯಿತು. ಮೇ 15ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯ. ಎದುರಿಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್. ಮೊದಲು ಗೋಲು ಬಿಟ್ಟುಕೊಟ್ಟ ಲೆವರ್‌ಕುಸೆನ್‌ಗೆ ಸಮಬಲ ತಂದವರು ಲೂಸಿಯೊ ಅವರೇ. ಕಾವಲಿನಿಂದ ಮುಂದೆ ಬಂದು ತಲೆಯಿಂದ ಚೆಂಡನ್ನು ಗೋಲಿಗೆ ಹಾಕಿದರು. ಆದರೆ ವಿರಾಮಕ್ಕೆ ಮುನ್ನ ಜಿನೆದಿನ್ ಜಿದಾನ್ ಅವರು ಆಕಾಶದಿಂದ ಇಳಿದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹೊಡೆದ ಗೋಲು 2-1ರ ಸೋಲನ್ನು ಬರೆಯಿತು. ಹನ್ನೆರಡು ದಿನಗಳಲ್ಲಿ ಮೂರು ಪ್ರಶಸ್ತಿಗಳು ಕೈಗೆ ಬಂದಂತಾಗಿ ಜಾರಿದವು.

ಅದಾಗಿ ಆರು ವಾರ ತುಂಬುವುದರೊಳಗೆ ಲೂಸಿಯೊ ಜಪಾನಿನಲ್ಲಿ ವಿಶ್ವಕಪ್ ಆಡುತ್ತಿದ್ದರು. ಜೂನ್ 21ರ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡಿನ ಎದುರು ಅವರಿಂದ ಒಂದು ತಪ್ಪಾಯಿತು. ಬಂದ ಚೆಂಡನ್ನು ಹಿಡಿತಕ್ಕೆ ತರಲಾರದೆ ಹೋದರು. ಅದು ಮೈಕೆಲ್ ಓವೆನ್ ಅವರ ಕಾಲಿಗೆ ಸಿಕ್ಕು ಗೋಲಾಯಿತು. ಕಾವಲು ಆಟಗಾರನ ಬದುಕಿನ ಕಷ್ಟ ಇಲ್ಲಿ ಕಾಣುತ್ತದೆ. ಮುನ್ನುಗ್ಗುವವನು ಹತ್ತು ಬಾರಿ ತಪ್ಪಿ ಒಮ್ಮೆ ಗೋಲು ಹೊಡೆದರೆ ಜಯಕಾರ. ಕಾಯುವವನು ಹತ್ತು ಬಾರಿ ತಡೆದು ಒಮ್ಮೆ ತಪ್ಪಿದರೆ ಆ ಒಂದೇ ಜನರ ನಾಲಿಗೆಯ ಮೇಲೆ. ಆದರೂ ಅಂದು ಉಳಿದ ಹೊತ್ತಿನಲ್ಲಿ ಇಂಗ್ಲೆಂಡಿಗೆ ಮತ್ತೊಂದು ಗೋಲು ದಕ್ಕಲಿಲ್ಲ. ಬ್ರೆಜಿಲ್ 2-1ರಿಂದ ಗೆದ್ದಿತು. ಜೂನ್ 30ರಂದು ಯೊಕೊಹಾಮಾದಲ್ಲಿ ಜರ್ಮನಿಯನ್ನು 2-0ರಿಂದ ಸೋಲಿಸಿ ವಿಶ್ವಕಪ್ ಎತ್ತಿತು. ಎದುರು ಪಾಳೆಯದಲ್ಲಿ ಲೆವರ್‌ಕುಸೆನ್‌ನ ಷ್ನೈಡರ್, ರಾಮೆಲೊ, ನೊಯ್‌ವಿಲ್ ಇದ್ದರು. ಮೇ ತಿಂಗಳ ಸೋಲುಗಳನ್ನು ಲೂಸಿಯೊ ಅವರೊಡನೆ ಹಂಚಿಕೊಂಡವರೇ ಅವರು.

ಮುನ್ನೂರ ಎಂಬತ್ತಾರು ನಿಮಿಷ

2004ರಲ್ಲಿ ಲೂಸಿಯೊ ಜರ್ಮನಿಯ ಅತಿ ದೊಡ್ಡ ಸಂಘವಾದ ಬೇಯರ್ನ್ ಮ್ಯೂನಿಕ್ ಸೇರಿದರು. ಅಲ್ಲಿ ಐದು ವರ್ಷ. 2005, 2006 ಮತ್ತು 2008ರಲ್ಲಿ ಲೀಗ್ ಪ್ರಶಸ್ತಿ. ಅದೇ ಮೂರು ವರ್ಷ ಜರ್ಮನ್ ಕಪ್ ಕೂಡ.

ಈ ನಡುವೆ 2006ರ ವಿಶ್ವಕಪ್ಪಿನಲ್ಲಿ ಅವರು ಮಾಡಿದ ಒಂದು ದಾಖಲೆಯನ್ನು ನಾವು ಪ್ರಶಸ್ತಿಗಳಿಗಿಂತ ಮೇಲಾಗಿ ಎಣಿಸುತ್ತೇವೆ. ಆಟ ಬಾರದವರಿಗಾಗಿ ಒಂದು ಮಾತು ಹೇಳಬೇಕು. ಎದುರಾಳಿಯನ್ನು ತಳ್ಳುವುದು, ಕಾಲಿಗೆ ಕಾಲು ಕೊಟ್ಟು ಬೀಳಿಸುವುದು, ಅಂಗಿ ಹಿಡಿದೆಳೆಯುವುದು ಕಾಲ್ಚೆಂಡಿನಲ್ಲಿ ತಪ್ಪು. ಅದನ್ನು ಫೌಲ್ ಎನ್ನುತ್ತಾರೆ. ಕಾಯುವವನಿಗೆ ಈ ತಪ್ಪಿನ ಮೋಹ ಹೆಚ್ಚು. ಎದುರಾಳಿ ತನ್ನನ್ನು ದಾಟಿ ಹೋಗುತ್ತಿರುವಾಗ ಕೈಯೊಂದು ಚಾಚಿದರೆ ಸಾಕು, ಆಪತ್ತು ಆ ಕ್ಷಣಕ್ಕೆ ತಪ್ಪುತ್ತದೆ. ತಪ್ಪು ಮಾಡದೆ ತಡೆಯಬೇಕಾದರೆ ಎದುರಾಳಿ ಹೆಜ್ಜೆಯಿಡುವ ಮೊದಲೇ ಅವನ ದಾರಿಯನ್ನು ಅರಿತು ಅಲ್ಲಿ ನಿಂತಿರಬೇಕು. ಮುಟ್ಟುವುದಾದರೆ ಚೆಂಡನ್ನು ಮಾತ್ರ ಮುಟ್ಟಬೇಕು.

ಆ ವಿಶ್ವಕಪ್ಪಿನಲ್ಲಿ ಕ್ರೊಯೇಷಿಯಾ, ಆಸ್ಟ್ರೇಲಿಯಾ, ಜಪಾನ್, ಘಾನಾ ತಂಡಗಳೆದುರು ಲೂಸಿಯೊ ಒಂದೂ ಫೌಲ್ ಮಾಡಲಿಲ್ಲ. ತೊಂಬತ್ತು ನಿಮಿಷಗಳ ನಾಲ್ಕು ಪಂದ್ಯಗಳು ಹೀಗೆ ಕಳೆದವು. ಐದನೆಯದಾದ ಫ್ರಾನ್ಸ್ ಎದುರಿನ ಪಂದ್ಯದ 26ನೆಯ ನಿಮಿಷದಲ್ಲಿ ಅವರ ಮೊದಲ ಫೌಲ್ ಆಯಿತು. ಒಟ್ಟು 386 ನಿಮಿಷಗಳು. ವಿಶ್ವಕಪ್ಪಿನಲ್ಲಿ ಅದೊಂದು ದಾಖಲೆ. ಆ ನಾಲ್ಕು ಪಂದ್ಯಗಳಲ್ಲಿ ಬ್ರೆಜಿಲ್ ಬಿಟ್ಟುಕೊಟ್ಟದ್ದು ಒಂದೇ ಗೋಲು. ಫ್ರಾನ್ಸ್ ಎದುರು ಬ್ರೆಜಿಲ್ 1-0ರಿಂದ ಸೋತು ಊರಿಗೆ ಮರಳಿತು ನಿಜ. ಆದರೆ ಬಲಿಷ್ಠ ದೇಹವುಳ್ಳವನು, ಬಲವನ್ನು ತಪ್ಪಾಗಿ ಬಳಸದೆ ಕಾಯಬಲ್ಲನೆಂಬುದಕ್ಕೆ ಈ ಲೆಕ್ಕ ಸಾಕ್ಷಿಯಾಗಿ ಉಳಿದಿದೆ. ಮನೆಯನ್ನು ಕಾಯುವ ಹೆಸರಿನಲ್ಲಿ ಮನೆಯವರ ಮೇಲೆಯೇ ಕೈಮಾಡುವ ಯಜಮಾನರು ಇದನ್ನು ಒಮ್ಮೆ ಯೋಚಿಸಬೇಕು.

ಬೇಡವೆಂದ ಮನೆಯ ಎದುರು

2009ರ ಬೇಸಿಗೆಯಲ್ಲಿ ಬೇಯರ್ನ್ ಸಂಘಕ್ಕೆ ಲೂಯಿ ವಾನ್ ಗಾಲ್ ಎಂಬ ಹೊಸ ತರಬೇತುದಾರರು ಬಂದರು. ಅವರ ಯೋಜನೆಯಲ್ಲಿ ಲೂಸಿಯೊ ಅವರಿಗೆ ಸ್ಥಾನವಿರಲಿಲ್ಲ. ಮೂವತ್ತೊಂದನೆಯ ವಯಸ್ಸು, ಆಗಷ್ಟೇ ಬ್ರೆಜಿಲ್ ತಂಡದ ನಾಯಕನಾಗಿ ದಕ್ಷಿಣ ಆಫ್ರಿಕದಲ್ಲಿ ಕಾನ್ಫೆಡರೇಷನ್ಸ್ ಕಪ್ ಗೆದ್ದುಕೊಂಡು ಬಂದಿದ್ದರು, ಅಂತಿಮ ಪಂದ್ಯದ ಗೆಲುವಿನ ಗೋಲನ್ನೂ ತಾವೇ ಹೊಡೆದಿದ್ದರು. ಅಂಥವರು ಜುಲೈನಲ್ಲಿ ಮ್ಯೂನಿಕ್ ಬಿಟ್ಟು ಇಟಲಿಯ ಮಿಲಾನ್ ನಗರದ ಇಂಟರ್ ಸಂಘಕ್ಕೆ ಹೊರಟರು.

ಇಂಟರ್‌ನ ತರಬೇತುದಾರ ಜೋಸ್ ಮೊರಿನ್ಯೊ ಅವರು ಅರ್ಜೆಂಟೀನದ ವಾಲ್ಟರ್ ಸ್ಯಾಮುಯೆಲ್ ಜೊತೆಗೆ ಲೂಸಿಯೊ ಅವರನ್ನು ಕಾವಲಿನ ನಡುವೆ ನಿಲ್ಲಿಸಿದರು. 2010ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಎದುರಾಯಿತು. ಮೊದಲ ಪಂದ್ಯ ಇಂಟರ್ 3-1ರಿಂದ ಗೆದ್ದಿತು. ಎರಡನೆಯದರಲ್ಲಿ 28ನೆಯ ನಿಮಿಷಕ್ಕೇ ಒಬ್ಬ ಆಟಗಾರ ಹೊರಗೆ ಹೋಗಬೇಕಾಗಿ, ಹತ್ತು ಜನ ಒಂದು ಗಂಟೆಗೂ ಮೀರಿ ಕೋಟೆ ಕಾಯ್ದರು. ಬಾರ್ಸಿಲೋನಾಕ್ಕೆ ದಕ್ಕಿದ್ದು ಒಂದೇ ಗೋಲು. ಒಟ್ಟು ಲೆಕ್ಕದಲ್ಲಿ ಇಂಟರ್ ಗೆದ್ದಿತು.

ಮೇ 22ರಂದು ಮ್ಯಾಡ್ರಿಡ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಿಗೆ ನಿಂತುದು ಬೇರಾವ ತಂಡವೂ ಅಲ್ಲ, ವಾನ್ ಗಾಲ್ ಅವರ ಬೇಯರ್ನ್. ಡಿಯೆಗೊ ಮಿಲಿಟೊ ಎರಡು ಗೋಲು ಹೊಡೆದರು. ಬೇಯರ್ನ್ ಒಂದನ್ನೂ ಹೊಡೆಯಲಾಗಲಿಲ್ಲ. ಹಿಂದಿನ ವರ್ಷ ಬೇಡವೆಂದ ಮನೆಗೆ ಲೂಸಿಯೊ ಕೊಟ್ಟ ಉತ್ತರ ಅದೊಂದೇ: ತೊಂಬತ್ತು ನಿಮಿಷದ ಕಾವಲು. ಆ ವರ್ಷ ಲೀಗ್, ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಇಂಟರ್ ಗೆದ್ದಿತು. ಇಟಲಿಯ ಸಂಘವೊಂದು ಹೀಗೆ ಗೆದ್ದುದು ಅದೇ ಮೊದಲು. ಎಂಟು ವರ್ಷಗಳ ಹಿಂದೆ ಹನ್ನೆರಡು ದಿನಗಳಲ್ಲಿ ಜಾರಿದ ಮೂರು ಬಗೆಯ ಪ್ರಶಸ್ತಿಗಳೂ ಒಂದೇ ತಿಂಗಳಲ್ಲಿ ಅವರ ಕೈಸೇರಿದವು. ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ವಿಶ್ವ ಸಂಘಗಳ ಕಪ್ ಕೂಡ ಬಂದಿತು.

ಮಡಗಾಂವಿಗೆ ಬಂದ ಕಾವಲು

2012ರಲ್ಲಿ ಇಟಲಿಯ ಯುವೆಂಟಸ್ ಸಂಘದಲ್ಲಿ ಅವರಿಗೆ ದೊರೆತ ಪಂದ್ಯಗಳು ಬೆರಳೆಣಿಕೆಯಷ್ಟು. ಆ ವರ್ಷಾಂತ್ಯಕ್ಕೆ ಯುರೋಪನ್ನು ಬಿಟ್ಟು ಸ್ವದೇಶದ ಸಾವೊ ಪಾಲೊ, ಅನಂತರ ಪಾಲ್ಮೇರಾಸ್ ಸಂಘಗಳಲ್ಲಿ ಆಡಿದರು. 2015ರಲ್ಲಿ ಎಫ್.ಸಿ. ಗೋವಾ ತಂಡಕ್ಕೆ ಬಂದರು. ಆ ತಂಡದ ತರಬೇತುದಾರರು ಬ್ರೆಜಿಲ್‌ನ ಹಿರಿಯ ಆಟಗಾರ ಜಿಕೊ. ಅವರ ಹಿಂದೆ ಗೋಲು ಕಾಯುತ್ತಿದ್ದವರು ಗೋವೆಯ ಲಕ್ಷ್ಮೀಕಾಂತ ಕಟ್ಟಿಮನಿ. ಆ ಮನೆತನದ ಹೆಸರು ನಮ್ಮ ಕಡೆಯ ಓದುಗರ ಕಿವಿಗೆ ಹೊಸದಲ್ಲ.

ಆ ವರ್ಷದ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಗೋವಾ ಮೊದಲ ಸ್ಥಾನ ಪಡೆಯಿತು. ಸೆಮಿಫೈನಲ್‌ನಲ್ಲಿ ಎದುರಾದ ದೆಹಲಿ ತಂಡದ ತರಬೇತುದಾರರು ರೊಬರ್ಟೊ ಕಾರ್ಲೋಸ್. 2002ರ ವಿಶ್ವಕಪ್ಪಿನಲ್ಲಿ ಲೂಸಿಯೊ ಜೊತೆಗೆ ಕಾವಲು ನಿಂತವರೇ. ಗೋವಾ ಗೆದ್ದಿತು. ಡಿಸೆಂಬರ್ 20ರಂದು ಮಡಗಾಂವಿನ ಫತೋರ್ಡಾ ಬಯಲಿನಲ್ಲಿ ಚೆನ್ನೈಯಿನ್ ತಂಡದೆದುರು ಅಂತಿಮ ಪಂದ್ಯ. 87ನೆಯ ನಿಮಿಷದಲ್ಲಿ ಗೋವಾ 2-1ರಿಂದ ಮುಂದಾಯಿತು. ಊರಿಗೆ ಊರೇ ಗೆದ್ದೆವೆಂದು ಕುಣಿಯಿತು. 90ನೆಯ ನಿಮಿಷದಲ್ಲಿ ಚೆಂಡು ಕಟ್ಟಿಮನಿಯವರಿಂದಲೇ ಗೋಲು ಸೇರಿ ಸ್ವಂತ ಗೋಲೆಂದು ದಾಖಲಾಯಿತು. ಹೆಚ್ಚುವರಿ ಹೊತ್ತಿನಲ್ಲಿ ಚೆನ್ನೈಯಿನ್ ಮತ್ತೊಂದು ಹೊಡೆದು 3-2ರಿಂದ ಗೆದ್ದಿತು. 2016ರಲ್ಲಿ ಗೋವಾ ಕೊನೆಯ ಸ್ಥಾನಕ್ಕೆ ಇಳಿಯಿತು.

ವಿಶ್ವಕಪ್ ಎತ್ತಿದವರು ನಿಂತ ಕೋಟೆಯೂ ಕಡೆಯ ಮೂರು ನಿಮಿಷದಲ್ಲಿ ಒಡೆಯಬಹುದೆಂಬುದು ಅಂದು ನೋಡಿದವರಿಗೆ ಮರೆಯದ ಪಾಠ. ಕಟ್ಟಿಮನಿಯವರು ಆ ಒಂದು ಗಳಿಗೆಗೆ ಕುಗ್ಗಿ ಕೈಚೆಲ್ಲಲಿಲ್ಲ. ಮುಂದೆಯೂ ಗೋಲು ಕಾಯ್ದರು, 2022ರಲ್ಲಿ ಅದೇ ಫತೋರ್ಡಾದಲ್ಲಿ ಹೈದರಾಬಾದ್ ತಂಡದ ಪರವಾಗಿ ಅದೇ ಲೀಗ್‌ನ ಪ್ರಶಸ್ತಿಯನ್ನು ಗೆದ್ದರು. ಲೂಸಿಯೊ ಅವರೂ ಸ್ವದೇಶಕ್ಕೆ ಮರಳಿ ತಮ್ಮ ಹುಟ್ಟುಸೀಮೆಯ ಸಣ್ಣ ಸಂಘಗಳಿಗೆ ಆಡಿ, 2020ರಲ್ಲಿ ನಲವತ್ತೊಂದನೆಯ ವಯಸ್ಸಿನಲ್ಲಿ ನಿವೃತ್ತಿ ಹೇಳಿದರು. ದೊಡ್ಡ ಬಯಲಿನಲ್ಲಿ ಮಾಡಿದ ಕಾಯಕವನ್ನೇ ಸಣ್ಣ ಬಯಲಿನಲ್ಲಿಯೂ ಮಾಡಿದರೆಂಬುದು ನಮ್ಮ ಗೌರವವನ್ನು ಹೆಚ್ಚಿಸುತ್ತದೆ.

ಜಾತ್ರೆಗಳಲ್ಲಿ ಕಬಡ್ಡಿ ಪಂದ್ಯ ಏರ್ಪಡಿಸುವ ನಮ್ಮ ಊರುಗಳ ಹಿರಿಯರಲ್ಲಿ ಒಂದು ಬಿನ್ನಹ. ಎದುರು ಪಾಳೆಯಕ್ಕೆ ನುಗ್ಗಿ ಅಂಕ ತಂದ ಹುಡುಗನಿಗೆ ಶಾಲು ಹೊದಿಸಿರಿ, ಅದು ಯೋಗ್ಯವೇ. ಅದರೊಡನೆ ಮೂಲೆಯಲ್ಲಿ ನಿಂತು, ನುಗ್ಗಿ ಬಂದವನ ಹಿಮ್ಮಡಿಯನ್ನು ಹಿಡಿದು ತಂಡವನ್ನು ಉಳಿಸಿದವನನ್ನೂ ಹೆಸರು ಹಿಡಿದು ಕರೆಯಿರಿ. ಸೋತ ತಂಡದಲ್ಲಿ ಕೊನೆಯವರೆಗೆ ಬಿಡದೆ ಕಾಯ್ದವನೊಬ್ಬ ಇದ್ದರೆ ಅವನಿಗೂ ಒಂದು ಬಹುಮಾನ ಇರಲಿ.