ಎದೆಯೊಡೆಯುವುದು ಬರಿಯ ಮಾತೇ?

ಮಗನ ಸಾವಿನ ಸುದ್ದಿ ಕೇಳಿದ ತಾಯಿ ಎದೆಯೊಡೆದು ಪ್ರಾಣಬಿಟ್ಟಳೆಂದು ನಮ್ಮ ಜನ ಹೇಳುವುದುಂಟು. ಅದನ್ನು ಅತಿಶಯೋಕ್ತಿಯೆಂದು ನಕ್ಕು ಬಿಡುವವರೂ ಉಂಟು. ಆದರೆ ಲೋಕಾನುಭವದಿಂದ ಹುಟ್ಟಿದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಮನಸ್ಸಿಗೋ ದೇಹಕ್ಕೋ ಬಿದ್ದ ದೊಡ್ಡ ಪೆಟ್ಟು ಹೃದಯವನ್ನು ಗಳಿಗೆಯೊಳಗೆ ಸೋಲಿಸಬಲ್ಲದೆಂಬುದನ್ನು ವೈದ್ಯಶಾಸ್ತ್ರ ಇಂದು ಒಪ್ಪಿದೆ. ಹಾಗೆ ಸೋಲುವವರಲ್ಲಿ, ಯಾವ ಸುದ್ದಿಯನ್ನೂ ಕೇಳುವ ಸ್ಥಿತಿಯಲ್ಲಿಲ್ಲದೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಗಳೂ ಇದ್ದಾರೆ.

ಈ ವ್ಯಾಧಿಗೆ ಹೆಸರಿಟ್ಟವರು ಜಪಾನಿನ ವೈದ್ಯರು. 1990ರಲ್ಲಿ ಹಿಕಾರು ಸಾತೊ ಮತ್ತು ಅವರ ಸಹೋದ್ಯೋಗಿಗಳು ಇದನ್ನು ವರ್ಣಿಸಿ 'ತಕೋತ್ಸುಬೋ' ಎಂದು ಕರೆದರು. ಆಕ್ಟೋಪಸ್ಸನ್ನು ಹಿಡಿಯಲು ಅಲ್ಲಿನ ಬೆಸ್ತರು ಕಡಲಿಗೆ ಇಳಿಬಿಡುವ ಮಡಕೆಯ ಹೆಸರು ಅದು. ಕುತ್ತಿಗೆ ಕಿರಿದು, ಹೊಟ್ಟೆ ದೊಡ್ಡದು. ರೋಗ ತಗುಲಿದಾಗ ಎಡ ಹೃತ್ಕುಕ್ಷಿ ಸಾಮಾನ್ಯವಾಗಿ ಇದೇ ಆಕಾರ ತಳೆಯುತ್ತದೆ. ಬುಡ ಬಿಗಿಯಾಗಿ ಕುಗ್ಗುತ್ತಿರುವಾಗ ತುದಿ ಕುಗ್ಗಲಾರದೆ ಉಬ್ಬಿ ನಿಲ್ಲುತ್ತದೆ. ಎದೆನೋವು, ಏದುಸಿರು, ಇಸಿಜಿಯ ಏರುಪೇರು ಎಲ್ಲವೂ ಹೃದಯಾಘಾತದವೇ. ಆದರೆ ಹೃದಯಕ್ಕೆ ರಕ್ತವೊಯ್ಯುವ ಧಮನಿಗಳಲ್ಲಿ ಈ ಸೋಲನ್ನು ವಿವರಿಸುವಂಥ ತಡೆಯೇನೂ ಕಾಣದು. 2004ರ ಅಕ್ಟೋಬರ್ 23ರಂದು ಜಪಾನಿನ ನೀಗಾಟ ಪ್ರಾಂತದಲ್ಲಿ ಭೂಕಂಪವಾದ ಮೇಲೆ ಇಂಥ ರೋಗಿಗಳ ಸಂಖ್ಯೆ ಒಮ್ಮೆಲೇ ಏರಿತು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲೂ ಐವತ್ತು ದಾಟಿದವರೇ ಹೆಚ್ಚು.

ಇದಕ್ಕೆ ಮೂಲವೇನು? ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳು ಅಪಾಯದ ಗಳಿಗೆಯಲ್ಲಿ ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಓಡುವವನ ಕಾಲಿಗೂ ಹೋರಾಡುವವನ ತೋಳಿಗೂ ಬಲ ಕೊಡುವ ರಸ ಅದು. ಅತಿಯಾದರೆ ಅಮೃತವೂ ವಿಷವೆಂಬಂತೆ, ಈ ರಸವೂ ಅದರ ಬಳಗದ ಇತರ ರಸಗಳೂ ಪ್ರವಾಹವಾಗಿ ಬಂದಾಗ ಹೃದಯದ ಸ್ನಾಯು ಸ್ತಬ್ಧವಾಗುತ್ತದೆಂಬುದು ತಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ.

ನಿಗಾ ಘಟಕದಲ್ಲಿ ಈ ಪ್ರವಾಹಕ್ಕೆ ಕಾರಣ ಬಹುಮಟ್ಟಿಗೆ ಶೋಕವಲ್ಲ, ದೇಹದ ಸಂಕಟ. ಮಿದುಳಿನ ಹೊದಿಕೆಯೊಳಗಿನ ರಕ್ತಸ್ರಾವ, ರಕ್ತಕ್ಕೇರಿದ ನಂಜು, ಉಸಿರಾಟದ ಸೋಲು, ದೊಡ್ಡ ಶಸ್ತ್ರಚಿಕಿತ್ಸೆ—ಯಾವುದೂ ಆಗಬಹುದು. ಎಚ್ಚರವಿದ್ದವನು ಎದೆನೋವೆಂದು ನರಳಿಯಾನು. ಮಂಪರಿನ ಔಷಧದಲ್ಲಿ, ಬಾಯೊಳಗೆ ಉಸಿರಾಟದ ಕೊಳವೆ ಧರಿಸಿ ಮಲಗಿದವನು ಏನು ಹೇಳಬಲ್ಲ? ಇದ್ದಕ್ಕಿದ್ದಂತೆ ರಕ್ತದೊತ್ತಡ ಕುಸಿಯುತ್ತದೆ; ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದನ್ನು ಮೂಲರೋಗದ ಉಲ್ಬಣವೆಂದೇ ತಿಳಿಯುವುದು ಸಹಜ. ಸಂಶಯಪಟ್ಟು ಹಾಸಿಗೆಯ ಬಳಿಗೆ ಎಕೋ ಯಂತ್ರ ತರಿಸಿ ನೋಡಿದರೆ ಮಾತ್ರ ಆ ಮಡಕೆಯ ಆಕಾರ ಕಣ್ಣಿಗೆ ಬಿದ್ದೀತು.

ನೋಡುವುದರಿಂದಾಗುವ ಪ್ರಯೋಜನ ಸಣ್ಣದಲ್ಲ. ರಕ್ತದೊತ್ತಡ ಕುಸಿದಾಗ ಅಡ್ರಿನಲಿನ್ ಬಳಗದ ಔಷಧಗಳನ್ನು ಹನಿಸುವುದು ರೂಢಿ. ಎಷ್ಟೋ ರೋಗಿಗಳಿಗೆ ಅದೇ ಪ್ರಾಣಾಧಾರ. ಆದರೆ ಈ ರೋಗಿಗಳಲ್ಲಿ ಕೆಲವರಿಗೆ ಹೃದಯದ ಬುಡ ಅತಿಯಾಗಿ ಬಿಗಿದು, ರಕ್ತ ಹೊರಹೋಗುವ ದಾರಿಯೇ ಇಕ್ಕಟ್ಟಾಗಿರುತ್ತದೆ. ಅಂಥವರಿಗೆ ಹೃದಯವನ್ನು ಹುರಿದುಂಬಿಸುವ ಮದ್ದು ಕೊಟ್ಟರೆ ಇಕ್ಕಟ್ಟು ಇನ್ನೂ ಹೆಚ್ಚುತ್ತದೆ. ಅಲ್ಲಿ ಬೇಕಾದದ್ದು ಅದಕ್ಕೆ ವಿರುದ್ಧವಾದ ಉಪಾಯ: ಶ್ವಾಸಕೋಶ ತಾಳುವಷ್ಟು ದ್ರವ, ಹೃದಯವನ್ನು ಶಾಂತಗೊಳಿಸುವ ಔಷಧ. ಲಕ್ಷಣ ಒಂದೇ, ಚಿಕಿತ್ಸೆ ಎರಡು. ನಡುವೆ ಒಂದು ಜೀವ.

ರೋಗ ಹಗುರವಾದುದೆಂದು ಯಾರೂ ಭಾವಿಸಬಾರದು. ಇದರಿಂದ ಸಾಯುವವರೂ ಇದ್ದಾರೆ. ಮೊದಲೇ ಬೇರೊಂದು ಕಾಯಿಲೆಯಿಂದ ಬಳಲಿದವರಿಗೆ ಅಪಾಯ ಹೆಚ್ಚು. ಆದರೆ ಆ ಕಠಿಣ ದಿನಗಳನ್ನು ದಾಟಿದವರಲ್ಲಿ ಬಹುಪಾಲು ಮಂದಿಯ ಹೃದಯ ಕೆಲವು ದಿನಗಳಲ್ಲೋ ವಾರಗಳಲ್ಲೋ ಮತ್ತೆ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ಘಟಕದ ಹೊರಗೆ ಕಾಯುತ್ತಿರುವ ಬಂಧುಗಳಿಗೆ "ಹೃದಯ ಸೋತಿದೆ" ಎಂಬ ಮಾತು ಕೊನೆಯ ಮಾತಿನಂತೆ ಕೇಳಿಸುವುದು ಸಹಜ. ಅದು ಎಲ್ಲ ವೇಳೆಯಲ್ಲೂ ಕೊನೆಯ ಮಾತಲ್ಲ. ಹಿರಿಯರು ಒಡೆಯಿತೆಂದ ಎದೆ ಎಷ್ಟೋ ಸಲ ಒಡೆದಿರುವುದಿಲ್ಲ, ಬೆಚ್ಚಿ ನಿಂತಿರುತ್ತದೆ. ಅದಕ್ಕೆ ಚೇತರಿಸಿಕೊಳ್ಳಲು ಕಾಲ ಬೇಕು. ಆ ಕಾಲವನ್ನು ಗಳಿಸಿಕೊಡುವುದೇ ವೈದ್ಯನ ಕೆಲಸ.