ಜಾಲತಾಣ: ಬಿಡುವುದೋ, ಮಿತಗೊಳಿಸುವುದೋ? ಅಳೆದು ನೋಡೋಣ

ಕೇಶ್ವಾಪುರದ ನಮ್ಮ ಓಣಿಯ ಗೃಹಸ್ಥರೊಬ್ಬರು ಒಂದು ಸಂಜೆ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ. "ಪರೀಕ್ಷಾ ಹತ್ತರ ಬಂದಾವ್ರಿ ಸರ್, ಇವನ ಫೋನ್ ಕಸಗೊಂಡು ಬಿಡ್ಲೇನ್ರಿ?" ಎಂದು ತಂದೆ ಕೇಳಿದರು. "ನೋಟ್ಸ್ ಎಲ್ಲಾ ವಾಟ್ಸಾಪ್‌ನಾಗ ಬರ್ತಾವ್ರಿ ಸರ್" ಎಂದು ಮಗ ತಗ್ಗಿದ ದನಿಯಲ್ಲಿ ಹೇಳಿದ. ಇಬ್ಬರ ಮಾತೂ ನಿಜ. ಇಂದು ಬಹುತೇಕ ಎಲ್ಲ ಮನೆಗಳಲ್ಲೂ, ಶಿಕ್ಷಕರ ಕೊಠಡಿಗಳಲ್ಲೂ ಕೇಳಿಬರುವ ಪ್ರಶ್ನೆ ಇದು. ಸಾಮಾಜಿಕ ಜಾಲತಾಣಗಳನ್ನು ಪೂರ್ತಿ ಬಿಡಬೇಕೇ, ಮಿತಗೊಳಿಸಬೇಕೇ? ಉಪದೇಶದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಅಳತೆಯ ಪ್ರಶ್ನೆಯಾಗಿ ನೋಡಬಹುದು.

ಎಳೆತದ ಮೂಲ

ಮೊದಲಿಗೆ, ಫೋನು ನಮ್ಮನ್ನು ಮತ್ತೆ ಮತ್ತೆ ಎಳೆಯುವುದೇಕೆ? 1957ರಲ್ಲಿ ಫರ್ಸ್ಟರ್ ಮತ್ತು ಸ್ಕಿನ್ನರ್ ಪ್ರಾಣಿಗಳ ಮೇಲಿನ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಗುಂಡಿಯನ್ನು ಇಂತಿಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆ ಎಂದು ಗೊತ್ತಿರುವ ಪಾರಿವಾಳ ಕಾಳು ಸಿಕ್ಕ ಮೇಲೆ ಸ್ವಲ್ಪ ವಿರಮಿಸುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುವುದೋ ತಿಳಿಯದಂತೆ ಮಾಡಿದರೆ ಅದು ಬಿಡುವಿಲ್ಲದೆ ಕುಕ್ಕುತ್ತದೆ. 1990ರ ದಶಕದಲ್ಲಿ ವುಲ್ಫ್ರಾಮ್ ಷುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಇದಕ್ಕೆ ಹೊಂದುವ ಸಂಗತಿಯನ್ನು ಕಂಡರು. ಡೋಪಮಿನ್ ಸ್ರವಿಸುವ ನರಕೋಶಗಳು ನಿರೀಕ್ಷಿಸಿದ ಹಣ್ಣಿನ ರಸ ಸಿಕ್ಕಾಗ ಹೆಚ್ಚೇನೂ ಮಿಡಿಯುವುದಿಲ್ಲ. ಅನಿರೀಕ್ಷಿತವಾಗಿ ಸಿಕ್ಕಾಗ ಜೋರಾಗಿ ಮಿಡಿಯುತ್ತವೆ. ಮುಂದಿನ ವಿಡಿಯೋ ನೀರಸವೋ ಸ್ವಾರಸ್ಯವೋ ಎಂಬುದು ತಿಳಿಯದಿರುವುದೇ ಬೆರಳನ್ನು ಚಲಿಸುವಂತೆ ಮಾಡುತ್ತದೆ.

ಇದಕ್ಕೆ ಎರಡು ರಚನೆಗಳು ಸೇರಿಕೊಂಡವು. ಪುಟ ಮುಗಿಯದಂತೆ ಉರುಳುತ್ತಲೇ ಇರುವ ವ್ಯವಸ್ಥೆಯನ್ನು ಅಜಾ ರಾಸ್ಕಿನ್ 2006ರಲ್ಲಿ ರೂಪಿಸಿದರು. ಅನಂತರ ಅದರ ಬಗ್ಗೆ ಅವರೇ ವಿಷಾದ ವ್ಯಕ್ತಪಡಿಸಿದರು. 2009ರಲ್ಲಿ ಫೇಸ್‌ಬುಕ್ 'ಲೈಕ್' ಗುಂಡಿಯನ್ನು ತಂದಿತು. ನಾವು ಯಾವುದರ ಮುಂದೆ ತಡೆದು ನಿಂತೆವೋ ಅಂಥದ್ದನ್ನೇ ಜಾಲತಾಣ ಹೆಚ್ಚು ತೋರಿಸುತ್ತದೆ, ತೋರಿಸಿದಷ್ಟೂ ನಾವು ಹೆಚ್ಚು ನಿಲ್ಲುತ್ತೇವೆ. ಧ್ವನಿವರ್ಧಕದ ಎದುರು ಮೈಕ್ ಹಿಡಿದಾಗ ಸಣ್ಣ ಸದ್ದು ಸುತ್ತಿ ಸುತ್ತಿ ಕೀರಲು ದನಿಯಾಗುವುದಿಲ್ಲವೇ? ಇದೂ ಅಂಥದೇ ಧನಾತ್ಮಕ ಫೀಡ್‌ಬ್ಯಾಕ್. ಆದ್ದರಿಂದ ಫೋನ್ ಬಿಡಲಾಗದ ಹುಡುಗನನ್ನು ಮನೋಬಲವಿಲ್ಲದವನೆಂದು ಜರೆಯುವುದು ಅರ್ಧ ಸತ್ಯ ಮಾತ್ರ.

ಬಿಟ್ಟವರಿಗೆ ಏನಾಯಿತು?

2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಒಂದು ದೊಡ್ಡ ಪ್ರಯೋಗ ನಡೆಸಿದರು. ಸ್ವಯಂಸೇವಕರಲ್ಲಿ ಕೆಲವರನ್ನು ಯಾದೃಚ್ಛಿಕವಾಗಿ ಆರಿಸಿ, ಹಣ ಕೊಟ್ಟು, ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಅವರಿಗೆ ದಿನಕ್ಕೆ ಸುಮಾರು 60 ನಿಮಿಷ ಉಳಿಯಿತು. ಮನಸ್ಸಿನ ನೆಮ್ಮದಿ ಅಲ್ಪ ಪ್ರಮಾಣದಲ್ಲಿ ಹೆಚ್ಚಿತು. ಆದರೆ ಸುದ್ದಿಯ ತಿಳಿವಳಿಕೆ ತಗ್ಗಿತು. ಗಮನಿಸಬೇಕಾದ ಅಂಶವೆಂದರೆ, ಪ್ರಯೋಗ ಮುಗಿದು ಹಣ ನಿಂತ ಮೇಲೂ ಅವರ ಬಳಕೆ ಮೊದಲಿಗಿಂತ ಕಡಿಮೆಯೇ ಉಳಿಯಿತು.

ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಇಲ್ಲಿ ಬಿಡಿಸಲಿಲ್ಲ, ಮಿತಗೊಳಿಸಿದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಒಂದೊಂದಕ್ಕೂ ದಿನಕ್ಕೆ 10 ನಿಮಿಷ, ಮೂರು ವಾರ. ಮಿತಗೊಳಿಸಿದವರಲ್ಲಿ ಒಂಟಿತನ ಮತ್ತು ಖಿನ್ನತೆ ತಗ್ಗಿದವು. ಇನ್ನೊಂದು ಫಲಿತಾಂಶ ಸ್ವಾರಸ್ಯಕರ. ಏನನ್ನೂ ಬದಲಿಸದೆ ಬಳಕೆಯನ್ನು ಬರಿದೇ ದಾಖಲಿಸಿದ ಗುಂಪಿನಲ್ಲೂ ಆತಂಕ ಸ್ವಲ್ಪ ಇಳಿಯಿತು. ತನ್ನನ್ನು ತಾನು ಅಳೆದುಕೊಳ್ಳುವುದರಿಂದಲೇ ಈ ಬದಲಾವಣೆ ಆಗಿರಬಹುದೆಂದು ಸಂಶೋಧಕರು ಊಹಿಸಿದರು.

ಹಾಗಾದರೆ ಜಾಲತಾಣ ಎಲ್ಲರಿಗೂ ವಿಷವೇ? ಅವಸರ ಬೇಡ. 2019ರಲ್ಲಿ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 3,55,000ಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ವಿಶ್ಲೇಷಿಸಿದರು. ಅವರ ನೆಮ್ಮದಿಯಲ್ಲಿ ಕಂಡ ಏರುಪೇರಿನ ಹೆಚ್ಚೆಂದರೆ ಶೇಕಡಾ 0.4 ಭಾಗ ಮಾತ್ರ ಡಿಜಿಟಲ್ ಸಾಧನಗಳ ಬಳಕೆಯೊಂದಿಗೆ ಹೊಂದುತ್ತಿತ್ತು. 0.004ರ ವರ್ಗಮೂಲ ತೆಗೆದರೆ ಸಹಸಂಬಂಧ ಗುಣಾಂಕ ಸುಮಾರು 0.06 ಆಗುತ್ತದೆ. ಇದು ತೀರ ದುರ್ಬಲ ಸಂಬಂಧ.

ಆದರೆ ಸರಾಸರಿ ಎಂಬುದು ಗುಂಪಿನ ಗುಣ. ಅನಿಲದ ಉಷ್ಣತೆ ತಿಳಿದ ಮಾತ್ರಕ್ಕೆ ನಿರ್ದಿಷ್ಟ ಅಣುವಿನ ವೇಗ ತಿಳಿಯದು. ಒಬ್ಬರಿಗೆ ಜಾಲತಾಣ ದೂರದ ಮಕ್ಕಳನ್ನು ಹತ್ತಿರ ತರುತ್ತದೆ, ಇನ್ನೊಬ್ಬರ ನಿದ್ದೆಯನ್ನು ತಿನ್ನುತ್ತದೆ. ಸರಾಸರಿಯಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕಬಹುದು. ಆದ್ದರಿಂದ ನಮ್ಮ ತೀರ್ಮಾನಕ್ಕೆ ನಮ್ಮದೇ ಅಳತೆ ಬೇಕು.

ಒಬ್ಬರೇ ಬಿಡುವುದು ಏಕೆ ಕಷ್ಟ?

60 ವಿದ್ಯಾರ್ಥಿಗಳ ತರಗತಿಯೊಂದರ ವಾಟ್ಸಾಪ್ ಗುಂಪನ್ನು ಊಹಿಸಿ. ಅದರಲ್ಲಿ ಇಬ್ಬಿಬ್ಬರ ನಡುವಿನ ಕೊಂಡಿಗಳು (60 × 59) ÷ 2 = 1770. ಒಬ್ಬ ಹೊರಬಂದರೆ 59 ಕೊಂಡಿಗಳು ಕಡಿಯುತ್ತವೆ. ಗುಂಪಿಗೆ ಇದು ಮೂವತ್ತರಲ್ಲಿ ಒಂದು ಪಾಲಿನ ನಷ್ಟ. ಹೊರಬಂದವನಿಗೋ, ಅವನ ಅಷ್ಟೂ ಕೊಂಡಿಗಳ ನಷ್ಟ. ನೋಟ್ಸ್ ಬಗ್ಗೆ ಆ ಹುಡುಗ ಹೇಳಿದ ಮಾತಿನ ಗಣಿತ ಇದೇ.

ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಹಣದ ಲೆಕ್ಕದಲ್ಲಿ ತೋರಿಸಿತು. ಉಳಿದವರು ಬಳಸುತ್ತಿರುವಾಗ ತಾನೊಬ್ಬ ನಾಲ್ಕು ವಾರ ಟಿಕ್‌ಟಾಕ್ ಬಿಡಲು ಅಮೆರಿಕದ ಕಾಲೇಜು ವಿದ್ಯಾರ್ಥಿ ಸರಾಸರಿ 59 ಡಾಲರ್ ಕೇಳಿದ. ಎಲ್ಲರೂ ಒಟ್ಟಿಗೆ ಬಿಡುವುದಾದರೆ ಅದಕ್ಕಾಗಿ ತಾನೇ 28 ಡಾಲರ್ ಕೊಡಲು ಸಿದ್ಧನಿದ್ದ! ಬೇಡವೆನಿಸಿದರೂ ಒಬ್ಬರೇ ಬಿಡಲಾಗದ ಬಲೆ ಇದು.

ಬಲೆ ಸಾಮೂಹಿಕವಾದರೆ ಬಿಡುಗಡೆಯೂ ಸಾಮೂಹಿಕವಾಗಿರಬಹುದು. ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಹೊಂದಿಕೊಂಡ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. 2022ರಲ್ಲಿ ಅಲ್ಲಿಯ ಜನ ಒಂದು ಒಪ್ಪಂದಕ್ಕೆ ಬಂದರು. ಸಂಜೆ 7ಕ್ಕೆ ಸೈರನ್ ಮೊಳಗಿದೊಡನೆ ಟಿ.ವಿ., ಮೊಬೈಲ್ ಬಂದ್. ಒಂದೂವರೆ ಗಂಟೆ ಮಕ್ಕಳು ಓದುವುದು, ಹಿರಿಯರು ಮಾತಾಡುವುದು. ಕೋವಿಡ್ ಕಾಲದ ಆನ್‌ಲೈನ್ ಪಾಠಗಳಿಂದ ಮಕ್ಕಳ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ಕೈಬಿಡದಿದ್ದುದು ಇದಕ್ಕೆ ಪ್ರೇರಣೆ. ಎಲ್ಲರೂ ಒಟ್ಟಿಗೆ ಬಿಡುವುದರಿಂದ ಯಾರಿಗೂ ಯಾವ ಕೊಂಡಿಯೂ ತಪ್ಪುವುದಿಲ್ಲ ಎಂಬುದೇ ಇದರ ಜಾಣ್ಮೆ. ಶಾಲೆಗಳೂ ಇಷ್ಟನ್ನು ಮಾಡಬಹುದು: ಪಾಠದ ಸಾಮಗ್ರಿಯನ್ನು ಶಿಕ್ಷಕರಷ್ಟೇ ಬರೆಯಬಲ್ಲ ಗುಂಪಿನಲ್ಲಿ, ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ ಕಳಿಸುವುದು. ರಾತ್ರಿ 10ಕ್ಕೆ ಸೂಚನೆ ಕಳಿಸುವ ಶಿಕ್ಷಕರು 'ಮಕ್ಕಳು ಫೋನ್ ಬಿಡುವುದಿಲ್ಲ' ಎಂದು ದೂರುವಂತಿಲ್ಲ.

ನಾಲ್ಕು ವಾರಗಳ ಪ್ರಯೋಗ

ಈಗ ಅಳತೆಗೆ ಬರೋಣ. ಬೇಕಾದ ಉಪಕರಣ ಫೋನಿನಲ್ಲೇ ಇದೆ. ಆಂಡ್ರಾಯ್ಡ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್', ಐಫೋನಿನಲ್ಲಿ 'ಸ್ಕ್ರೀನ್ ಟೈಮ್' ಎಂಬ ವಿಭಾಗ ಪ್ರತಿಯೊಂದು ಆ್ಯಪ್‌ಗೆ ಎಷ್ಟು ನಿಮಿಷ ಸಂದಿತು ಎಂದು ತೋರಿಸುತ್ತದೆ. ಅಂದಾಜನ್ನು ನಂಬಬೇಡಿ. ನನ್ನ ಬಳಕೆ ದಿನಕ್ಕೆ 40 ನಿಮಿಷವೆಂದು ಆ ತಂದೆಗೆ ಹೇಳಿ, ಅವರೆದುರಿಗೇ ಫೋನ್ ತೆಗೆದು ನೋಡಿದೆ. 1 ಗಂಟೆ 50 ನಿಮಿಷ ಇತ್ತು!

ಮೊದಲ ವಾರ ಏನನ್ನೂ ಬದಲಿಸದೆ ದಾಖಲಿಸಿ. ಎರಡನೆಯ ವಾರ ಮಿತಿ ಹಾಕಿಕೊಳ್ಳಿ, ಉದಾಹರಣೆಗೆ ದಿನಕ್ಕೆ ಒಟ್ಟು 30 ನಿಮಿಷ. ಮೂರನೆಯ ವಾರ ಪೂರ್ತಿ ಬಿಡಿ. ನಾಲ್ಕನೆಯ ವಾರ ಮೊದಲಿನಂತೆಯೇ ಬಳಸಿ. ಪ್ರತಿದಿನ ನಾಲ್ಕು ಅಂಕಣ ತುಂಬಿ: ಬಳಕೆಯ ನಿಮಿಷಗಳು, ಮಲಗಿದ ಹೊತ್ತು, ಎದ್ದೇಳದೆ ಓದಿದ ಅತಿ ದೀರ್ಘ ಅವಧಿ, ಮನಸ್ಸಿನ ಸ್ಥಿತಿಗೆ 10ಕ್ಕೆ ಅಂಕ. ತಪ್ಪಿಹೋದ ಮುಖ್ಯ ಸಂದೇಶಗಳನ್ನೂ ಬರೆದಿಡಿ, ಅದು ಬಿಟ್ಟದ್ದರ ಬೆಲೆ. ವಾರವಾರದ ಸರಾಸರಿಗಳ ವ್ಯತ್ಯಾಸ ಒಂದೇ ವಾರದೊಳಗಿನ ದಿನದಿನದ ಏರುಪೇರಿಗಿಂತ ಸ್ಪಷ್ಟವಾಗಿ ದೊಡ್ಡದಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನಾಲ್ಕನೆಯ ವಾರ ಓದು, ನಿದ್ದೆ ಮತ್ತೆ ಮೊದಲಿನ ಮಟ್ಟಕ್ಕೆ ಇಳಿದರೆ ಕಾರಣ ಜಾಲತಾಣವೇ ಎಂಬ ಊಹೆಗೆ ಬಲ ಬರುತ್ತದೆ. ಹಬ್ಬ, ಪರೀಕ್ಷೆಗಳಿರುವ ವಾರಗಳನ್ನು ಆರಿಸಬೇಡಿ.

ತೀರ್ಮಾನ ಹೇಗೆ?

ಸಂದೇಶ ಕಳಿಸುವುದು ಬೇರೆ, ಮುಗಿಯದ ವಿಡಿಯೋ ನೋಡುವುದು ಬೇರೆ. ಎರಡನ್ನೂ 'ಫೋನ್' ಎಂದು ಒಂದೇ ಗಂಟಿಗೆ ಕಟ್ಟಬಾರದು. ಮಿತಿಯನ್ನು ದಿನದಿನವೂ ಮೀರುತ್ತಿದ್ದೀರೆಂದು ಅಂಕಣ ತೋರಿಸಿದರೆ ಆ ಒಂದು ಆ್ಯಪ್ ಅನ್ನು ಬಿಡುವುದೇ ಸುಲಭ, ಏಕೆಂದರೆ ಮಿತಿಗೆ ದಿನಕ್ಕೆ ಹತ್ತು ಸಲ ಮನಸ್ಸು ಗಟ್ಟಿಮಾಡಬೇಕು, ಬಿಡುವುದಕ್ಕೆ ಒಮ್ಮೆ ಸಾಕು. ಮಿತಿ ಪಾಲಿಸಲಾಗುತ್ತಿದ್ದು ಉಪಯೋಗವೂ ಇದ್ದರೆ ಪೂರ್ತಿ ಬಿಡುವ ಅಗತ್ಯವಿಲ್ಲ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡುವುದು ಇಬ್ಬರಿಗೂ ಒಳ್ಳೆಯದು.

ಬಿಟ್ಟಾಗ ಊಟ, ನಿದ್ದೆ, ಓದು ಕೆಡುವಷ್ಟು ತಳಮಳವಾದರೆ ಅದು ಮನೆಯ ಪ್ರಯೋಗದ ವ್ಯಾಪ್ತಿ ಮೀರಿದ್ದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಷಟ್' ಚಿಕಿತ್ಸಾಲಯ ಆರಂಭಿಸಿತು. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ ಎಂಬುದು ಆ ಹೆಸರಿನ ಅರ್ಥ. ನಮ್ಮ ಭಾಗದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಆ ಹುಡುಗ ಪರೀಕ್ಷೆ ಹತ್ತಿರವಿದ್ದುದರಿಂದ ಮೊದಲೆರಡು ವಾರಗಳನ್ನಷ್ಟೇ ನಡೆಸಿದ. ನೋಟ್ಸ್ ಬರುವ ವಾಟ್ಸಾಪ್‌ಗೆ ಸಂದದ್ದು ದಿನಕ್ಕೆ ಇಪ್ಪತ್ತೇ ನಿಮಿಷ, ಉಳಿದ ಎರಡು ಗಂಟೆ ಕಿರು ವಿಡಿಯೋಗಳದ್ದು. ಮಿತಿಯನ್ನು ಆರು ದಿನ ಮೀರಿದ್ದ. ಪಟ್ಟಿ ನೋಡಿ ವಿಡಿಯೋ ಆ್ಯಪ್ ಅನ್ನು ತಾನೇ ಅಳಿಸಿದ, ವಾಟ್ಸಾಪ್ ಉಳಿಸಿಕೊಂಡ. ತಂದೆಗೆ ಫೋನ್ ಕಸಿದುಕೊಳ್ಳುವ ಪ್ರಸಂಗ ಬರಲಿಲ್ಲ. ದಿನಕ್ಕೆ ಎರಡು ಗಂಟೆ ಎಂದರೆ ವರ್ಷಕ್ಕೆ 730 ಗಂಟೆ, ಹಗಲು ರಾತ್ರಿ ಸೇರಿ ಪೂರಾ ಒಂದು ತಿಂಗಳು. ನಿಮ್ಮ ಆ ತಿಂಗಳು ಎಲ್ಲಿ ಹೋಗುತ್ತಿದೆ ಎಂಬುದನ್ನು ತಿಳಿಯಲು ಮೊದಲ ವಾರದ ಅಂಕಣವನ್ನು ಇಂದೇ ಗೆರೆ ಎಳೆದು ಆರಂಭಿಸಿ.