ಹಸಿವಿನ ಮದ್ದು, ಕುಡಿತದ ತುಡಿತ

ಉಂಡ ಆಹಾರ ಕರುಳು ತಲುಪುತ್ತಿದ್ದಂತೆ ಅಲ್ಲಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ, ಮಿದುಳಿಗೆ ‘ಸಾಕು’ ಎನ್ನುತ್ತದೆ. ಕೆಲವೇ ನಿಮಿಷಗಳಲ್ಲಿ ಕರಗಿಯೂ ಹೋಗುತ್ತದೆ. ಇದೇ ಕೆಲಸವನ್ನು ವಾರವಿಡೀ ಮಾಡುವ ಮದ್ದು ಸೆಮಾಗ್ಲುಟೈಡ್. ಇದಕ್ಕೂ ಮೊದಲು, 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಕ್ಸೆನಟೈಡ್‌ನ ಮೂಲ ಸಿಕ್ಕಿದ್ದು ಗಿಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿಯ ಜೊಲ್ಲಿನಲ್ಲಿ. (ವಿಷಜಂತುಗಳ ಮೇಲೆ ನನಗೆ ಗೌರವ ಹೆಚ್ಚಲು ಇದೂ ಒಂದು ಕಾರಣ.)

ಸಕ್ಕರೆ ಕಾಯಿಲೆಗೋ ಬೊಜ್ಜಿಗೋ ಈ ಬಗೆಯ ಮದ್ದು ತೆಗೆದುಕೊಂಡ ಕೆಲವರು, ಕುಡಿಯಬೇಕೆಂದೇ ಅನಿಸುತ್ತಿಲ್ಲ ಎಂದು ವೈದ್ಯರ ಮುಂದೆ ಹೇಳತೊಡಗಿದರು. ಹೊಟ್ಟೆ ತುಂಬಿದಂತಿರುತ್ತದೆ, ಓಕರಿಕೆ ಬರುತ್ತದೆ, ಇನ್ನು ಕುಡಿಯುವುದೆಲ್ಲಿ ಎಂದು ಕೇಳುವವರಿದ್ದಾರೆ. ಅದೂ ಸ್ವಲ್ಪ ನಿಜವಿರಬಹುದು. ಆದರೆ ಇಲಿಗಳ ಮಿದುಳಿಗೇ ನೇರವಾಗಿ ಮದ್ದು ಕೊಟ್ಟಾಗಲೂ ಅವುಗಳ ಕುಡಿತ ಇಳಿಯಿತು. ಹಾಗಾದರೆ ವಿಷಯ ಹೊಟ್ಟೆಯದಷ್ಟೇ ಅಲ್ಲ, ಮಿದುಳಿನ ಆಸೆಯದೂ ಹೌದು.

ಇಲ್ಲೇ ಬಹಳ ಜನ ಎಡವುತ್ತಾರೆ. ಆ ಆಸೆಯ ಹಿಂದಿರುವ ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂದು ಕೇಳಿರುತ್ತೀರಿ. ಮಿಶಿಗನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು ಇಲಿಗಳ ಮಿದುಳಿನ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ಇಲ್ಲವಾಗಿಸಿ ನೋಡಿದರು. ಬಾಯಿಗೆ ಸಿಹಿನೀರು ಬಿಟ್ಟರೆ ಇಲಿಗಳು ಎಂದಿನಂತೆ ಚಪ್ಪರಿಸಿದವು. ಎದುರಿಗೆ ಆಹಾರವಿದ್ದರೂ ತಾವಾಗಿ ಹೋಗಿ ತಿನ್ನಲಿಲ್ಲ. ರುಚಿ ಉಳಿದಿತ್ತು, ‘ಬೇಕು’ ಹೋಗಿತ್ತು. ಡೋಪಮೈನಿನದು ಈ ‘ಬೇಕು’ ಎನ್ನಿಸುವ ಕೆಲಸ. ಚಟ ಹತ್ತಿದವರಲ್ಲಿ ಸಂಜೆಯ ಹೊತ್ತು, ಬಾರಿನ ಬೋರ್ಡು, ಗ್ಲಾಸಿನ ಸದ್ದು ಇವೇ ಅದನ್ನು ಕೆರಳಿಸುತ್ತವೆ. ಕುಡಿತ ಸುಖ ಕೊಡುವುದು ನಿಂತು ಎಷ್ಟೋ ವರ್ಷವಾದ ಮೇಲೂ ಕಾಲು ಅತ್ತಲೇ ಎಳೆಯುವುದು ಇದರಿಂದ. ಜಿಎಲ್‌ಪಿ-1 ಮದ್ದುಗಳು ಈ ಕೆರಳಿಕೆಯನ್ನೇ ತಗ್ಗಿಸುತ್ತವೆ ಎಂಬುದು ಸದ್ಯದ ಊಹೆ.

ಮನುಷ್ಯರಲ್ಲಿ ಏನಾಯಿತು? 2022ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪರೀಕ್ಷೆಯಲ್ಲಿ 127 ಮಂದಿ ಇದ್ದರು, ಅವಧಿ 26 ವಾರ. ಎಕ್ಸೆನಟೈಡ್ ಪಡೆದವರು ಮದ್ಯದ ಚಿತ್ರ ನೋಡಿದಾಗ ಮಿದುಳಿನಲ್ಲಿ ಈ ‘ಬೇಕು’ ಹುಟ್ಟಿಸುವ ಭಾಗ ಕಡಿಮೆ ಮಿಡಿಯಿತು. ಆದರೆ ಒಟ್ಟಾರೆ ಕುಡಿತ, ಹುಸಿಮದ್ದು ಪಡೆದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಬೊಜ್ಜು ಇದ್ದವರಲ್ಲಿ ಮಾತ್ರ ಇಳಿಯಿತು. 2025ರಲ್ಲಿ ಬಂದ ಅಮೆರಿಕದ ಅಧ್ಯಯನ 48 ಜನರದು, ಒಂಬತ್ತು ವಾರದ್ದು. ಸಣ್ಣ ಪ್ರಮಾಣದ ಸೆಮಾಗ್ಲುಟೈಡ್‌ನಿಂದ ತುಡಿತ ತಗ್ಗಿತು. ಕುಡಿಯಲು ಕೂರುವ ದಿನಗಳು ಕಡಿಮೆಯಾಗಲಿಲ್ಲ, ಕೂತಾಗ ಕುಡಿದದ್ದು ಕಡಿಮೆಯಾಯಿತು.

ಇಷ್ಟನ್ನೇ ನಂಬಿ ಅಂಗಡಿಗೆ ಓಡಬೇಡಿ. ಚಟ ಬಿಡಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಂ ಈಗಾಗಲೇ ಇವೆ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ಕಣ್ಗಾವಲಿನಲ್ಲೇ ಬಿಡಬೇಕು. ನಮ್ಮ ಊರುಗಳಲ್ಲಿ ಊಟ ಬಿಟ್ಟು ಕುಡಿದು ಬಡಕಲಾದವರೇನು ಕಡಿಮೆಯೇ? ತೂಕ ಇಳಿಸುವ ಮದ್ದು ಅವರಿಗೆ ಹಿತವೋ ಕೇಡೋ ಎಂಬುದನ್ನು ಡೆನ್ಮಾರ್ಕಿನ, ಅಮೆರಿಕದ ಲೆಕ್ಕ ಹೇಳಲಾರದು. ಇದನ್ನು ಓದುತ್ತಿರುವ ವೈದ್ಯಕೀಯ ವಿದ್ಯಾರ್ಥಿಗಳು ಆ ಪರೀಕ್ಷೆಯನ್ನು ಇಲ್ಲಿಯೇ, ಅವರ ನಡುವೆಯೇ ಕೈಗೊಳ್ಳಲಿ.